ಎಲೆಯ ತುದಿಯ ಉಪ್ಪು



ಈ ದತ್ತಿ ಉಪನ್ಯಾಸದಲ್ಲಿ ನಮ್ಮ ಉಡುಪಿ ಸೀಮೆಯ ಊಟದ ಬಗ್ಗೆ ಮಾತಾಡಬೇಕು ಎಂದು ಸಮಿತಿಯವರು ಹೇಳಿದರು. ಉಡುಪಿಯ ಹೆಸರನ್ನು ದೇಶದ ಬೀದಿಬೀದಿಗೆ ಒಯ್ದ ಮಸಾಲೆದೋಸೆಯ ಬಗ್ಗೆ ಹೇಳುವವರು ಬೇಕಾದಷ್ಟು ಜನ ಇದ್ದಾರೆ. ನಾನು ಇಂದು ಬಾಳೆಲೆಯ ಎಡತುದಿಗೆ ಬೀಳುವ ಒಂದು ಚಿಟಿಕೆ ಉಪ್ಪಿನ ಬಗ್ಗೆ ಮಾತಾಡುತ್ತೇನೆ. ಅಡುಗೆ ಮುಗಿದು, ಬಡಿಸಿ, ಉಣ್ಣುವವರು ಕೈ ಹಾಕುವ ಹೊತ್ತಿಗೆ ರುಚಿಯ ಕೊನೆಯ ತೀರ್ಮಾನ ಯಾರ ಕೈಯಲ್ಲಿರಬೇಕು? ಅಡುಗೆಯವರ ಕೈಯಲ್ಲೋ, ಉಣ್ಣುವವರ ಕೈಯಲ್ಲೋ? ಜಗತ್ತಿನ ಒಂದೊಂದು ಜನಸಮುದಾಯವೂ ಈ ಪ್ರಶ್ನೆಗೆ ತನ್ನದೇ ಉತ್ತರ ಕಂಡುಕೊಂಡಿದೆ. ನಮ್ಮ ಈ ಪುಟ್ಟ ಸೀಮೆಯೊಳಗೇ, ಮಲ್ಪೆಯ ಕಡಲಿನಿಂದ ಕಾರ್ಕಳದ ಕಲ್ಲುಬೆಟ್ಟದವರೆಗೆ, ಒಂದಕ್ಕೊಂದು ಹೋಲದ ಉತ್ತರಗಳಿವೆ. ಅವುಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡುವುದು ನನ್ನ ಉದ್ದೇಶ.

ಮೊದಲು ಎಲೆ. ಕೊಡಿ ಉಣ್ಣುವವರ ಎಡಕ್ಕೆ ಬರುವಂತೆ ಎಲೆ ಹಾಸುತ್ತಾರೆ. ನಡುದಂಟಿನ ಆಚೆಗಿನ ಅರ್ಧ ಉಪ್ಪು, ಉಪ್ಪಿನಕಾಯಿ, ಕೋಸಂಬರಿ, ಚಟ್ನಿ, ಪಲ್ಯಗಳಿಗೆ. ಈಚೆಗಿನ ಅರ್ಧ ಅನ್ನಕ್ಕೆ. ಬಡಿಸುವ ಕ್ರಮ ಮನೆಯಿಂದ ಮನೆಗೆ ಸ್ವಲ್ಪ ಬದಲಾಗುತ್ತದೆ, ಆದರೆ ಉಪ್ಪಿನ ಜಾಗ ಮಾತ್ರ ಬದಲಾಗುವುದಿಲ್ಲ. ಎಡಗಡೆಯ ಮೇಲ್ತುದಿಯಲ್ಲಿ, ಸಾರು ಹರಿದು ಬಂದರೂ ತಾಗದಷ್ಟು ದೂರದಲ್ಲಿ ಅದು ಕೂರುತ್ತದೆ. ಈ ಜಾಗದ ಹಿಂದೆ ಶತಮಾನಗಳ ಯೋಚನೆಯಿದೆ ಎಂಬುದು ನನ್ನ ನಂಬಿಕೆ. ನಾವು ಬಲಗೈಯಲ್ಲಿ ಉಣ್ಣುವವರು. ಒಂದು ತುತ್ತು ಬಾಯಿಗೆ ಹೋದ ಮೇಲೆ ಆ ಕೈ ಎಂಜಲು. ಎಂಜಲು ಕೈಯಿಂದ ಎಲ್ಲರಿಗೂ ಸೇರಿದ ಉಪ್ಪಿನ ಪಾತ್ರೆ ಮುಟ್ಟುವಂತಿಲ್ಲ. ಉಪ್ಪನ್ನು ಕೈಯಿಂದ ಕೈಗೆ ಕೊಡುವುದೂ ನಮ್ಮಲ್ಲಿ ನಿಷಿದ್ಧ, ಕೊಟ್ಟರೆ ಜಗಳ ಹುಟ್ಟುತ್ತದೆ ಎನ್ನುತ್ತಾರೆ. ಹೀಗಿರುವಾಗ ಊಟದ ನಡುವೆ ಉಪ್ಪು ಬೇಕೆನಿಸಿದವರು ಏನು ಮಾಡಬೇಕು? ಅದಕ್ಕಾಗಿ ಊಟಕ್ಕೆ ಮೊದಲೇ ಪ್ರತಿಯೊಬ್ಬರ ಪಾಲು ಪ್ರತಿಯೊಬ್ಬರ ಎಲೆಯ ಮೇಲೆ. ಯುರೋಪಿನ ಮೇಜಿನಲ್ಲಿ ಒಂದೇ ಉಪ್ಪಿನ ಡಬ್ಬಿ ಕೈಯಿಂದ ಕೈಗೆ ಸಾಗುತ್ತದೆ. ಅಲ್ಲಿ ಮಧ್ಯಯುಗದ ದೊಡ್ಡಮನೆಗಳ ಊಟದಲ್ಲಿ ಉಪ್ಪಿನ ಪಾತ್ರೆಯ ಮೇಲ್ಗಡೆ ಕೂತವರು ಗಣ್ಯರು, ಕೆಳಗಡೆ ಕೂತವರು ಸಾಮಾನ್ಯರು. ನಮ್ಮ ಪಂಕ್ತಿಯಲ್ಲಿ ಮೇಲುಕೀಳು ಇರಲಿಲ್ಲ ಎಂದು ನಾನು ಹೇಳಲಾರೆ. ಯಾರು ಯಾವ ಪಂಕ್ತಿಯಲ್ಲಿ ಕೂರಬಹುದು, ಯಾರು ಕೂರಬಾರದು ಎಂಬುದರಲ್ಲಿ ನಾವು ಮಾಡಿದ ಭೇದ ದೊಡ್ಡದು, ಅದರ ನೋವು ಇನ್ನೂ ಆರಿಲ್ಲ. ಆದರೆ ಒಮ್ಮೆ ಕೂತವರ ಎಲೆಗಳಲ್ಲಿ ಉಪ್ಪಿನ ಪಾಲಿಗೆ ಹೆಚ್ಚುಕಡಿಮೆ ಇರಲಿಲ್ಲ.

ಇನ್ನೊಂದು ಕಾರಣ ನಮ್ಮ ಮಳೆ. ಗಾಳಿಯ ತೇವ ನೂರಕ್ಕೆ ಎಪ್ಪತ್ತೈದನ್ನು ದಾಟಿದರೆ ಉಪ್ಪು ತಾನಾಗಿ ನೀರು ಹೀರಿ ಕರಗತೊಡಗುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕರಾವಳಿಯ ಗಾಳಿ ಅದಕ್ಕಿಂತ ಒದ್ದೆ. ಕಲ್ಲುಪ್ಪಿನಲ್ಲಿ ಮೆಗ್ನೀಸಿಯಮ್ಮಿನ ಅಂಶ ಉಳಿದಿರುವುದರಿಂದ ಅದು ಇನ್ನೂ ಬೇಗ ನೀರೊಡೆಯುತ್ತದೆ. ತೂತಿನ ಮುಚ್ಚಳದ ಡಬ್ಬಿಯಿಂದ ಇಲ್ಲಿ ಮಳೆಗಾಲದ ಆಟಿ ತಿಂಗಳಲ್ಲಿ ಉಪ್ಪು ಉದುರುವುದೇ ಇಲ್ಲ. ಮಣಿಪಾಲದ ಕ್ಯಾಂಟೀನುಗಳಲ್ಲಿ ಡಬ್ಬಿಯೊಳಗೆ ಅಕ್ಕಿಕಾಳು ಹಾಕಿಟ್ಟಿರುವುದನ್ನು ನೀವು ನೋಡಿರುತ್ತೀರಿ. ಹಳೆಯ ಮನೆಗಳಲ್ಲಿ ಉಪ್ಪಿಗೆ ಮರದ ಮರಿಗೆ ಇತ್ತು. ತೇವವನ್ನು ಮರ ಹೀರುತ್ತಿತ್ತು. ಕೆಲವು ಮನೆಗಳಲ್ಲಿ ಕಲ್ಲುಪ್ಪನ್ನು ನೀರಿನಲ್ಲಿ ಕರಗಿಸಿ, ಕಸ ತಳಕ್ಕಿಳಿದ ಮೇಲೆ ಮೇಲಿನ ತಿಳಿಯನ್ನು ಚಿಪ್ಪಿನ ಸೌಟಿನಲ್ಲಿ ಅಳೆದು ಅಡುಗೆಗೆ ಹಾಕುತ್ತಿದ್ದರು. ಗೋಕರ್ಣದ ಬಳಿಯ ಸಾಣಿಕಟ್ಟೆಯಲ್ಲಿ ಇಂದಿಗೂ ಕಡಲ ನೀರನ್ನು ಗದ್ದೆಗೆ ಬಿಟ್ಟು ಉಪ್ಪು ತೆಗೆಯುತ್ತಾರೆ. ಆ ಉಪ್ಪಿನ ಹರಳನ್ನು ಒಮ್ಮೆ ಅಂಗೈಯಲ್ಲಿ ಹಿಡಿದವರಿಗೆ ಪ್ಯಾಕೆಟ್ಟಿನ ಪುಡಿಯುಪ್ಪು ಬೇರೆಯೇ ಪದಾರ್ಥ ಅನಿಸುತ್ತದೆ.

ಈಗ ಅಡುಗೆಮನೆಯೊಳಕ್ಕೆ ಹೋಗೋಣ. ನನ್ನ ಮಾತಿನ ನಡುಗಂಬ ಇರುವುದು ಅಲ್ಲಿ. ಉಡುಪಿಯ ಶ್ರೀಕೃಷ್ಣ ಮಠದಲ್ಲಿ ಪರ್ಯಾಯ ಬದಲಾಗುವಾಗ ಪೀಠದಿಂದ ಇಳಿಯುವ ಯತಿಗಳು ಏರುವ ಯತಿಗಳಿಗೆ ಅಕ್ಷಯಪಾತ್ರೆಯನ್ನೂ ಸಟ್ಟುಗವನ್ನೂ ಕೊಡುತ್ತಾರೆ. ಎರಡು ವರ್ಷಗಳ ಅಧಿಕಾರದ ಗುರುತು ಒಂದು ಬಡಿಸುವ ಸೌಟು! ಜಗತ್ತಿನಲ್ಲಿ ಇಂಥ ಅಧಿಕಾರ ಹಸ್ತಾಂತರ ಎಷ್ಟು ಕಡೆ ಇದೆಯೋ ಯೋಚಿಸಿ. ಪರ್ಯಾಯಕ್ಕೆ ಮೊದಲು ಬಾಳೆ ಮುಹೂರ್ತ, ಅಕ್ಕಿ ಮುಹೂರ್ತ, ಕಟ್ಟಿಗೆ ಮುಹೂರ್ತ, ಭತ್ತ ಮುಹೂರ್ತ ನಡೆಯುತ್ತವೆ. ಎಲೆಗೊಂದು, ಅನ್ನಕ್ಕೆರಡು, ಒಲೆಗೊಂದು. ಎಂಟು ಮಠಗಳಿಗೆ ಎರಡೆರಡು ವರ್ಷಗಳ ಸರದಿಯನ್ನು ಹದಿನಾರನೆಯ ಶತಮಾನದಲ್ಲಿ ವಾದಿರಾಜರು ಗೊತ್ತುಮಾಡಿದಾಗಿನಿಂದ ಈ ಊರು ಉಣಿಸುವುದನ್ನೇ ತನ್ನ ದೊಡ್ಡ ಕೆಲಸವಾಗಿ ನಡೆಸಿಕೊಂಡು ಬಂದಿದೆ.

ಆ ಅಡುಗೆಮನೆಯ ಒಂದು ನಿಯಮ ಎಲ್ಲರಿಗೂ ಗೊತ್ತು, ಆದರೆ ಅದರ ಫಲವನ್ನು ನಾವು ಸಾಮಾನ್ಯವಾಗಿ ಯೋಚಿಸುವುದಿಲ್ಲ. ದೇವರಿಗೆ ನೈವೇದ್ಯವಾಗುವ ಮೊದಲು ಅಡುಗೆಯನ್ನು ಯಾರೂ ರುಚಿ ನೋಡುವಂತಿಲ್ಲ. ನೂರಾರು ಎಲೆಗೆ ಹುಳಿ ಕುದಿಯುತ್ತಿದೆ, ಉಪ್ಪು ಬಿದ್ದಿದೆ, ಸಾಕೋ ಸಾಲದೋ ನಾಲಗೆ ಹೇಳುವಂತಿಲ್ಲ. ಅಡುಗೆ ಭಟ್ಟರು ಬೊಗಸೆಯ ಅಂದಾಜಿನಿಂದ, ಕೊಪ್ಪರಿಗೆಯ ಮಟ್ಟದಿಂದ, ಕುದಿಯ ಪರಿಮಳದಿಂದ ನಿರ್ಧರಿಸಬೇಕು. ಜೀವನವಿಡೀ ಬೆಂಕಿಯ ಮುಂದೆ ನಿಂತವರ ಕೈ ತಪ್ಪುವುದು ಅಪರೂಪ. ಆದರೂ ನೋಡದ ರುಚಿ ನೋಡದ ರುಚಿಯೇ. ದಿನ ದಿನದ ತರಕಾರಿ ಬೇರೆ, ಹುಣಸೆಯ ಹುಳಿ ಬೇರೆ, ಕಲ್ಲುಪ್ಪಿನ ಖಾರ ಬೇರೆ.

ಎಲೆಯ ತುದಿಯ ಉಪ್ಪಿನ ಅರ್ಥ ನನಗೆ ಇಲ್ಲಿ ಹೊಳೆಯಿತು. ನಾಲಗೆಗೆ ತಾಗಿಸದೆ ಅಡುಗೆ ಮಾಡಿದವರು, ಉಣ್ಣುವವರಿಗೆ ಬಿಟ್ಟುಕೊಟ್ಟ ಜಾಗ ಅದು. ಹುಳಿಗೆ ಉಪ್ಪು ಕಡಿಮೆ ಎನಿಸಿದರೆ ಬೆರಳತುದಿಯಿಂದ ಎರಡು ಹರಳು ತೆಗೆದು ಕಲಸಿಕೊಂಡರಾಯಿತು. ಯಾರೂ ಯಾರಿಗೂ ಏನೂ ಹೇಳಬೇಕಾಗಿಲ್ಲ. ಪ್ರಸಾದದ ರುಚಿಯ ಬಗ್ಗೆ ದೂರುವುದು ಸಭ್ಯತೆಯಲ್ಲ ಎಂಬ ಭಾವ ನಮ್ಮಲ್ಲಿ ಬಲವಾಗಿದೆ. ದೂರುವ ಪ್ರಸಂಗವೇ ಬರದ ಹಾಗೆ ನೋಡಿಕೊಳ್ಳುವ ಏರ್ಪಾಡು ಎಲೆಯ ಮೇಲೇ ಇದೆ. ಪಾಶ್ಚಾತ್ಯ ಹೋಟೆಲು ಪರಂಪರೆಯಲ್ಲಿ, ಮುಖ್ಯ ಬಾಣಸಿಗರು ಅಡುಗೆಯನ್ನು ನಾಲಗೆಗೆ ಒಪ್ಪಿಸಿಯೇ ಹೊರಗೆ ಕಳಿಸುತ್ತಾರೆ. ಅಂಥಲ್ಲಿ ತುತ್ತು ಬಾಯಿಗಿಡುವ ಮೊದಲೇ ಉಪ್ಪು ಉದುರಿಸಿಕೊಂಡರೆ ಅವರ ನಾಲಗೆಯನ್ನು ನಂಬಲಿಲ್ಲ ಎಂದು ಹೇಳಿದ ಹಾಗೆ. ಕೆಲವು ದೊಡ್ಡ ಹೋಟೆಲುಗಳು ಮೇಜಿನ ಮೇಲೆ ಉಪ್ಪನ್ನೇ ಇಡುವುದಿಲ್ಲ. ನಮ್ಮಲ್ಲಿ ಉಪ್ಪು ಕಲಸಿಕೊಂಡವರನ್ನು ಕಂಡು ಬೇಸರಪಟ್ಟ ಅಡುಗೆ ಭಟ್ಟರನ್ನು ನಾನು ಕಂಡಿಲ್ಲ. ರುಚಿ ನೋಡುವ ಹಕ್ಕನ್ನು ಅವರು ಮೊದಲೇ ದೇವರಿಗೆ ಬಿಟ್ಟಿದ್ದಾರೆ. ದೇವರ ನಂತರದ ಹಕ್ಕು ಉಣ್ಣುವವರದ್ದು.

ಎಲೆಯ ಉಪ್ಪು ಎಲ್ಲವನ್ನೂ ಸರಿಮಾಡಲಾರದು. ಕಾಪು ತಾಲೂಕಿನ ಮಟ್ಟುವಿನ ಗುಳ್ಳವನ್ನು ತೆಗೆದುಕೊಳ್ಳಿ. ವಾದಿರಾಜರು ಬೀಜ ಕೊಟ್ಟರು ಎಂದು ಊರು ನಂಬಿಕೊಂಡು ಬಂದಿರುವ, 2011ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಪಡೆದ ಆ ಹಸಿರು ದುಂಡು ಬದನೆ. ಅದರ ಹೋಳು ಬೇಯುವಾಗಲೇ ಉಪ್ಪು ಹಿಡಿಯಬೇಕು. ಹೋಳಿಗೆ ಉಪ್ಪು ಹಿಡಿಯದಿದ್ದರೆ ಆಮೇಲೆ ಮೇಲಿನಿಂದ ಎಷ್ಟು ಹಾಕಿದರೂ ರಸ ಉಪ್ಪಾಗುತ್ತದೆ, ಹೋಳು ಸಪ್ಪೆಯಾಗಿಯೇ ಉಳಿಯುತ್ತದೆ. ಇದಕ್ಕೆ ಅಡುಗೆಯವರೇ ಜವಾಬ್ದಾರರು. ಅನ್ನದ ವಿಷಯ ಬೇರೆ. ನಮ್ಮ ಅನ್ನಕ್ಕೆ ಬೇಯುವಾಗ ಉಪ್ಪು ಹಾಕುವುದಿಲ್ಲ. ಊಟದ ಕೊನೆಗೆ ಬರುವ ಮಜ್ಜಿಗೆಗೂ ಎಷ್ಟೋ ಪಂಕ್ತಿಗಳಲ್ಲಿ ಉಪ್ಪು ಇರುವುದಿಲ್ಲ. ಸಪ್ಪೆ ಅನ್ನಕ್ಕೆ ಸಪ್ಪೆ ಮಜ್ಜಿಗೆ ಬಿದ್ದಾಗ ಎಡತುದಿಯಲ್ಲಿ ಕಾದು ಕೂತಿದ್ದ ಉಪ್ಪಿಗೆ ಕೆಲಸ ಬರುತ್ತದೆ. ಪಾಯಸದ ಸಿಹಿ, ಹುಳಿಯ ಖಾರ ಎಲ್ಲ ಕಳೆದು ನಾಲಗೆ ತಣ್ಣಗಾಗುವ ಆ ತುತ್ತಿನ ಹದ ಪೂರ್ತಿ ಉಣ್ಣುವವರ ಕೈಯದು. ಇಬ್ಬರು ಅಣ್ಣತಮ್ಮಂದಿರು ಅಕ್ಕಪಕ್ಕ ಕೂತು ಉಂಡರೂ ಮಜ್ಜಿಗೆ ಅನ್ನದ ಉಪ್ಪು ಒಂದೇ ಆಗಿರುವುದಿಲ್ಲ.

ಚಾತುರ್ಮಾಸ್ಯದ ಶಾಕವ್ರತದ ತಿಂಗಳಲ್ಲಿ ಮಾಧ್ವ ಮನೆಗಳಲ್ಲಿ ತರಕಾರಿ, ಹುಣಸೆ, ಮೆಣಸಿನಕಾಯಿ, ಕೊತ್ತಂಬರಿ ಎಲ್ಲಕ್ಕೂ ರಜೆ. ಕಾಳುಮೆಣಸು, ಜೀರಿಗೆ, ಮಾವಿನ ಹುಳಿಯಲ್ಲಿ ಸಾರು ಆಗಬೇಕು. ಪೋರ್ಚುಗೀಸರು ಮೆಣಸಿನಕಾಯಿ ತರುವ ಮೊದಲು ಇಲ್ಲಿಯ ಖಾರ ಹೇಗಿತ್ತು ಎಂದು ತಿಳಿಯಬೇಕಾದವರು ಆ ತಿಂಗಳು ಉಡುಪಿಗೆ ಬಂದು ಉಣ್ಣಬೇಕು. ಅಷ್ಟು ಕಡಿಮೆ ಸಾಮಾನಿನಲ್ಲಿ ಉಪ್ಪಿನ ಅಂದಾಜು ಇನ್ನೂ ಸೂಕ್ಷ್ಮವಾಗುತ್ತದೆ. ಮರೆಮಾಡಲು ಬೇರೆ ಮಸಾಲೆ ಇರುವುದಿಲ್ಲ.

ಉಡುಪಿಯಿಂದ ತೆಂಕಕ್ಕೆ ಹತ್ತು ಹನ್ನೆರಡು ಕಿಲೋಮೀಟರ್ ಹೋಗಿ, ಕಾಪುವಿನ ದೀಪಸ್ತಂಭದ ಆಸುಪಾಸಿನ ಮೊಗವೀರರ ಮನೆಗೆ ಬನ್ನಿ. ಇಲ್ಲಿ ನಿಯಮ ತಿರುಗಿ ನಿಲ್ಲುತ್ತದೆ. ಬಂಗುಡೆಯ ಪುಳಿಮುಂಚಿ ಕುದಿಯುವಾಗ ಸೌಟಿನಿಂದ ಒಂದು ಹನಿ ಅಂಗೈಗೆ ಬಿಟ್ಟುಕೊಂಡು ನೆಕ್ಕಿ ನೋಡದೆ ಒಲೆಯಿಂದ ಇಳಿಸುವ ಹೆಂಗಸು ಇಲ್ಲ. ಪಕ್ಕದಲ್ಲಿ ನಿಂತ ಮಗಳ ಅಂಗೈಗೂ ಒಂದು ಹನಿ. "ಉಪ್ಪು ಸಾಕಾ ನೋಡು" ಎನ್ನುವುದು ಅಡುಗೆ ಕಲಿಸುವ ಮೊದಲ ಪಾಠ. ಮೀನಿಗೆ ಉಪ್ಪು ತಪ್ಪಿದರೆ ಎಲೆಯ ಮೇಲೆ ಸರಿಮಾಡಲು ಬರುವುದಿಲ್ಲ, ಗುಳ್ಳದ ಹೋಳಿಗಿಂತಲೂ ಕಷ್ಟ. ಅದಕ್ಕೇ ಉಪ್ಪು ಅರಸಿನ ಸವರಿ ಇಡುವಲ್ಲಿಂದಲೇ ಜಾಗ್ರತೆ. ಮೀನಿನ ಗಸಿಯ ರುಚಿಯ ಬಗ್ಗೆ ಈ ಮನೆಗಳಲ್ಲಿ ಮಾತಾಡುವುದು ತಪ್ಪಲ್ಲ. ಅಂಗಳದಲ್ಲಿ ಕೂತ ಅಜ್ಜ ಒಳಗಿನವರಿಗೆ ಕೇಳುವ ಹಾಗೆಯೇ ಹೇಳುತ್ತಾರೆ. ರುಚಿ ನೋಡಿ ಮಾಡಿದ ಅಡುಗೆ ಮಾತಿಗೂ ಸಿದ್ಧವಾಗಿರುತ್ತದೆ.

ಆದರೆ ಅದೇ ಮನೆಯ ಬೆಳಗಿನ ಗಂಜಿ ನೋಡಿ. ಕುಚ್ಚಲಕ್ಕಿಯ ಗಂಜಿ ಪೂರ್ತಿ ಸಪ್ಪೆ. ಉಪ್ಪು ಹಾಕಿಕೊಳ್ಳುವುದು ಉಣ್ಣುವವರಿಗೆ ಬಿಟ್ಟದ್ದು. ಪಕ್ಕದಲ್ಲಿ ಉಪ್ಪಡ್ ಎನ್ನುವ ಉಪ್ಪಿನಕಾಯಿ, ಒಣಸಿಗಡಿಯ ಚಟ್ನಿ, ಕೆಂಡದಲ್ಲಿ ಸುಟ್ಟ ಒಣಮೀನು. ಒಣಮೀನು ಇಲ್ಲಿ ಪಲ್ಯದ ಕೆಲಸಕ್ಕಿಂತ ಉಪ್ಪಿನ ಕೆಲಸ ಮಾಡುತ್ತದೆ. ಒಂದು ಚೂರು ಮುರಿದು ಬಾಯಿಗಿಟ್ಟರೆ ಮೂರು ತುತ್ತು ಗಂಜಿ ಇಳಿಯುತ್ತದೆ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ದೋಣಿಗಳು ಕಡಲಿಗಿಳಿಯುವಂತಿಲ್ಲ. ಆ ತಿಂಗಳುಗಳಿಗಾಗಿ ಬೇಸಿಗೆಯಲ್ಲೇ ಉಪ್ಪು ಹಾಕಿ ಒಣಗಿಸಿಟ್ಟದ್ದು ಮನೆಯ ಮಾಡಿನಡಿ ಕಾಯುತ್ತಿರುತ್ತದೆ. ತೋಟದ ಮನೆಗಳಲ್ಲಿ ಅದೇ ಜಾಗದಲ್ಲಿ ಹಲಸಿನ ಸೊಳೆಯ ಭರಣಿ, ಮಾವಿನ ಮಿಡಿಯ ಭರಣಿ ಇರುತ್ತವೆ. ಉಪ್ಪುಸೊಳೆಯನ್ನು ಪಲ್ಯ ಮಾಡುವ ಮೊದಲು ನೀರಿನಲ್ಲಿ ನೆನೆಸಿ, ಹಿಂಡಿ, ಮತ್ತೆ ನೆನೆಸಿ ಉಪ್ಪು ಬಿಡಿಸಬೇಕು. ಮಳೆಗಾಲದ ಅಡುಗೆಯವರ ಜಾಣ್ಮೆ ಉಪ್ಪು ಹಾಕುವುದರಲ್ಲಿ ಎಷ್ಟೋ ಅಷ್ಟೇ ಉಪ್ಪು ತೆಗೆಯುವುದರಲ್ಲೂ ಇತ್ತು. ನಮ್ಮ ಅಡುಗೆ ಪುಸ್ತಕಗಳು ಇದನ್ನು ಬರೆಯುವುದು ಬಹಳ ಕಡಿಮೆ, ನನಗೆ ಇದು ಕೊರತೆ ಎಂದೇ ಕಾಣುತ್ತದೆ.

ಕಾರ್ಕಳದ ಉತ್ತರ ಇವೆರಡಕ್ಕಿಂತ ಕಠಿಣ. 1432ರಲ್ಲಿ ನಿಂತ 42 ಅಡಿಯ ಬಾಹುಬಲಿಯ ಬೆಟ್ಟದ ಬುಡದಲ್ಲಿ ಜೈನ ಮನೆಗಳಿವೆ. ಹನ್ನೆರಡು ವರ್ಷಕ್ಕೊಮ್ಮೆ ನಡೆಯುವ ಮಹಾಮಸ್ತಕಾಭಿಷೇಕಕ್ಕೆ, 2015ರಲ್ಲಿ ಆದಂತೆ, ದಿಗಂಬರ ಮುನಿಗಳು ನಡೆದು ಬರುತ್ತಾರೆ. ಮುನಿಗಳು ಆಹಾರ ತೆಗೆದುಕೊಳ್ಳುವುದು ದಿನಕ್ಕೆ ಒಮ್ಮೆ, ನಿಂತುಕೊಂಡು, ಎರಡೂ ಕೈ ಜೋಡಿಸಿದ ಬೊಗಸೆಯಲ್ಲಿ. ತಟ್ಟೆ ಇಲ್ಲ, ಎಲೆ ಇಲ್ಲ, ಉಪ್ಪಿಡಲು ತುದಿಯೂ ಇಲ್ಲ. ಏನನ್ನೂ ಕೇಳುವಂತಿಲ್ಲ. ಹಾಲು, ಮೊಸರು, ತುಪ್ಪ, ಎಣ್ಣೆ, ಸಿಹಿ, ಉಪ್ಪು ಎಂಬ ಆರು ರಸಗಳಲ್ಲಿ ಒಂದನ್ನೋ ಹಲವನ್ನೋ ಬಿಡುವುದು ರಸಪರಿತ್ಯಾಗ ಎಂಬ ತಪಸ್ಸು. ಉಪ್ಪು ಬಿಟ್ಟ ಮುನಿಗಳಿಗೆ ಉಪ್ಪಿಲ್ಲದೆ ಅಡುಗೆಯಾಗಬೇಕು. ಆಹಾರ ಕೊಡುವ ಶ್ರಾವಕಿಯರು ಅದನ್ನು ತಿಳಿದುಕೊಂಡು, ಮಡಿಯಲ್ಲಿ ಅಡುಗೆ ಮಾಡಿ, ಬೊಗಸೆಗೆ ತುತ್ತು ತುತ್ತಾಗಿ ಇಡುತ್ತಾರೆ. ಉಪ್ಪಿನ ಬಗ್ಗೆ ನಾಲಗೆಗೆ ಹೇಳಲು ಇರುವುದೆಲ್ಲವನ್ನೂ ಕೇಳಿಯೂ ಉತ್ತರ ಕೊಡದೆ ನಿಲ್ಲುವ ಆ ನಿಲುವನ್ನು ನಾನು ಬಹಳ ಗೌರವದಿಂದ ನೋಡುತ್ತೇನೆ. ಮನೆಗಳಲ್ಲಿಯೂ ಅಷ್ಟಮಿ ಚತುರ್ದಶಿಗಳಂದು ಉಪ್ಪು ಬಿಟ್ಟು ಉಣ್ಣುವ ಹಿರಿಯರಿದ್ದಾರೆ. ಒಂದು ಹೊತ್ತು ಉಪ್ಪಿಲ್ಲದೆ ಉಂಡವರಿಗೆ ಮರುದಿನ ಕುಂಬಳದ ಸಿಹಿ, ಹೆಸರುಬೇಳೆಯ ಪರಿಮಳ ಹೊಸದಾಗಿ ಸಿಗುತ್ತದೆ.

ಅದೇ ಕಾರ್ಕಳದಲ್ಲಿ, ಪಡುತಿರುಪತಿ ಎಂದೇ ಹೆಸರಾದ ವೆಂಕಟರಮಣ ದೇವಸ್ಥಾನದ ಸುತ್ತ ಕೊಂಕಣಿ ಮನೆಗಳ ಅಡುಗೆ ಇನ್ನೊಂದು ಬಗೆ. ತೆಂಗಿನಕಾಯಿ, ಕೆಂಪುಮೆಣಸು, ಹುಣಸೆಯ ಅದೇ ಅರಪ್ಪು ಮೂರು ಹೆಸರು ಪಡೆಯುವುದು ಕೊನೆಯ ಕೈಯಿಂದ. ಬೆಳ್ಳುಳ್ಳಿಯ ಒಗ್ಗರಣೆ ಬಿದ್ದರೆ ಕೊದ್ದೆಲ್. ಈರುಳ್ಳಿಯ ಒಗ್ಗರಣೆ ಬಿದ್ದರೆ ಅಂಬಟ್. ಒಗ್ಗರಣೆಯೇ ಇಲ್ಲದೆ ಇಂಗಿನ ನೀರು, ಮೇಲೊಂದು ಚಮಚ ಹಸಿ ತೆಂಗಿನೆಣ್ಣೆ ಬಿದ್ದರೆ ಹುಮ್ಮಣ್. ಆ ಹಸಿ ಎಣ್ಣೆಯನ್ನು ಗೊಜ್ಜಿಗೆ, ಚಟ್ನಿಗೆ, ಕೆಲವು ಸಲ ಬಡಿಸಿದ ಮೇಲೆ ತಟ್ಟೆಯಲ್ಲಿಯೂ ಹಾಕಿಕೊಳ್ಳುವುದುಂಟು. ಇವರಿಗೆ ತೆಂಗಿನೆಣ್ಣೆ, ಶಿವಳ್ಳಿ ಬ್ರಾಹ್ಮಣರಿಗೆ ತುಪ್ಪ, ಶಿರ್ವ ಬೆಳ್ಮಣ್‌ಗಳ ಕ್ರೈಸ್ತ ಮನೆಗಳ ಮಾಂಸದ ಅಡುಗೆಗೆ ವಿನೆಗರ್. ಮೇಲಿನಿಂದ ಬೀಳುವ ಆ ಹನಿಯಿಂದಲೇ ಯಾರ ಮನೆಯ ಊಟ ಎಂದು ಕಣ್ಣು ಮುಚ್ಚಿ ಹೇಳಬಹುದು.

ಇನ್ನು ಮಣಿಪಾಲ. ಡಾ. ಟಿ.ಎಂ.ಎ. ಪೈಗಳು 1953ರಲ್ಲಿ ಕಸ್ತೂರ್ಬಾ ಮೆಡಿಕಲ್ ಕಾಲೇಜು ಆರಂಭಿಸಿದಾಗ ಈ ಬೋಳುಗುಡ್ಡಕ್ಕೆ ದೇಶದ ನಾನಾ ಕಡೆಯ ನಾಲಗೆಗಳು ಬಂದವು. ಆಮೇಲೆ ಮಲೇಷ್ಯದಿಂದ, ಕೊಲ್ಲಿಯಿಂದ, ಈಶಾನ್ಯದ ಬೆಟ್ಟಗಳಿಂದ. ಸಾವಿರಾರು ಜನರಿಗೆ ಒಂದೇ ಮೆಸ್ಸಿನಲ್ಲಿ ಅಡುಗೆ ಮಾಡುವವರು ಯಾರ ನಾಲಗೆಗೆ ಉಪ್ಪು ಹಾಕಬೇಕು? ಅವರು ಎಲ್ಲರಿಗೂ ಸಹಿಸುವಷ್ಟು ಹಾಕಿ ಬಿಡುತ್ತಾರೆ. ಉಳಿದದ್ದು ಮೇಜಿನ ಮೇಲೆ ನಡೆಯುತ್ತದೆ. ಗುಂಟೂರಿನ ಹುಡುಗನ ಚೀಲದಿಂದ ಗೋಂಗೂರ ಮತ್ತು ಕಂದಿಪುಡಿ. ಪಂಜಾಬಿನವರಿಗೆ ಹೆಚ್ಚಿದ ಈರುಳ್ಳಿ, ನಿಂಬೆ, ಹಸಿಮೆಣಸು ಇಲ್ಲದೆ ಊಟ ಶುರುವಾಗದು. ವಿಜಯಪುರ, ಧಾರವಾಡದ ಮಕ್ಕಳು ಶೇಂಗಾ ಚಟ್ನಿಪುಡಿ, ಗುರೆಳ್ಳು ಪುಡಿ ತಂದಿರುತ್ತಾರೆ. ಅವರ ಊರಿನ ಖಾನಾವಳಿಯಲ್ಲಿ ರೊಟ್ಟಿಯ ಪಕ್ಕ ಪುಡಿ, ಅದರ ಮೇಲೆ ಎಣ್ಣೆಯೋ ಮೊಸರೋ ಹಾಕಿ ಕಲಸಿಕೊಳ್ಳುವುದು ಊಟದ ಅರ್ಧ ಭಾಗ. ನಮ್ಮ ಬೆಲ್ಲ ಬಿದ್ದ ಸಾಂಬಾರು ಕಂಡು ಅವರು ಮುಖ ಸಣ್ಣದು ಮಾಡಿದರೆ ನಾವು ಬೇಸರಪಡಬಾರದು. ಉಪ್ಪೊಂದನ್ನು ಬಿಟ್ಟರೆ ಅಡುಗೆಮನೆಯಲ್ಲಿ ಪೂರ್ತಿ ಮುಗಿಸಿ ತರುವ ರುಚಿ ನಮ್ಮದು, ತಟ್ಟೆಯಲ್ಲಿ ಕಟ್ಟಿಕೊಳ್ಳುವ ರುಚಿ ಅವರದು. ಅಮ್ಮ ಕಟ್ಟಿಕೊಟ್ಟ ಇಂಥ ಪುಡಿ, ಉಪ್ಪಿನಕಾಯಿಯ ಬಾಟಲಿ ಹಾಸ್ಟೆಲಿನ ಮೇಜಿನ ಮೇಲೆ ಎಲೆಯ ಎಡತುದಿಯ ಕೆಲಸವನ್ನೇ ಮಾಡುತ್ತಿದೆ.

ಮಣಿಪಾಲದಲ್ಲೇ 1980ರ ದಶಕದಿಂದ ಹೋಟೆಲ್ ಆಡಳಿತ ಕಲಿಸುವ ಕಾಲೇಜಿದೆ. ಅಲ್ಲಿ ಕಲಿತ ಬಾಣಸಿಗ ವಿಕಾಸ್ ಖನ್ನಾ ಅವರ ಶ್ರಮದಿಂದ ಅಡುಗೆ ಪಾತ್ರೆಗಳ ಸಂಗ್ರಹಾಲಯ 2018ರಲ್ಲಿ ತೆರೆಯಿತು. ಮಡಕೆಯಾಕಾರದ ಆ ಕಟ್ಟಡವನ್ನು ನೋಡದವರು ದಯವಿಟ್ಟು ನೋಡಿ. ಇಂಥ ಕಾಲೇಜುಗಳಲ್ಲಿ ಮೇಜು ಸಿದ್ಧಪಡಿಸುವ ಪಾಠ ಇರುತ್ತದೆ. ಉಪ್ಪು, ಕಾಳುಮೆಣಸಿನ ಪುಡಿಯ ಜೋಡಿ ಡಬ್ಬಿ ಎಲ್ಲಿಡಬೇಕು, ಊಟದ ಯಾವ ಹಂತದಲ್ಲಿ ತೆಗೆಯಬೇಕು ಎಂದೆಲ್ಲ ಹೇಳಿಕೊಡುತ್ತಾರೆ. ಥಾಯ್ಲೆಂಡಿನ ನೂಡಲ್ಸ್ ಅಂಗಡಿಯಲ್ಲಿ ಮೀನಿನ ಉಪ್ಪುರಸ, ಸಕ್ಕರೆ, ಮೆಣಸಿನಪುಡಿ, ಮೆಣಸು ನೆನೆದ ವಿನೆಗರ್, ಹೀಗೆ ನಾಲ್ಕು ಬಟ್ಟಲು ಮೇಜಿನ ಮೇಲೆ ಇರುತ್ತವೆ. ಬಂದ ಬಟ್ಟಲನ್ನು ತಮಗೆ ಬೇಕಾದಂತೆ ತಿದ್ದಿಕೊಳ್ಳದೆ ಅಲ್ಲಿ ತಿನ್ನುವವರು ಕಡಿಮೆ, ಮಾರುವವರೂ ಅದಕ್ಕೆ ಬೇಸರಪಡುವುದಿಲ್ಲ. ಜಪಾನಿನಲ್ಲಿ ಬಿಳಿ ಅನ್ನದ ಮೇಲೆ ಸೋಯಾ ರಸ ಸುರಿದುಕೊಂಡರೆ ಶಿಷ್ಟಾಚಾರ ಗೊತ್ತಿಲ್ಲದವರು ಎಂದುಕೊಳ್ಳುತ್ತಾರೆ. ಹೋಟೆಲು ವೃತ್ತಿಗೆ ಹೋಗುವ ನಮ್ಮ ಮಕ್ಕಳು ಇವೆಲ್ಲದರ ಜೊತೆಗೆ ನಾಲ್ಕೈದು ಕಿಲೋಮೀಟರ್ ಕೆಳಗಿಳಿದು ರಥಬೀದಿಯ ಪಂಕ್ತಿಯಲ್ಲೂ ಕೂತು, ಉಪ್ಪು ಏಕೆ ಅಲ್ಲಿ ಬೀಳುತ್ತದೆ ಎಂದು ಕೇಳಿ ತಿಳಿಯಬೇಕು ಎಂದು ನನಗೆ ಬಹಳ ಆಸೆ.

ಉಡುಪಿ ಹೋಟೆಲುಗಳೂ ಇದೇ ಪ್ರಶ್ನೆಗೆ ಒಂದು ಉತ್ತರ ಕೊಟ್ಟಿವೆ, ನಾವು ಅದನ್ನು ಗಮನಿಸಿಲ್ಲ. 1924ರಲ್ಲಿ ಬೆಂಗಳೂರಿನಲ್ಲಿ ಹೋಟೆಲು ತೆರೆದ ಪಾರಂಪಳ್ಳಿಯ ಮಯ್ಯ ಸಹೋದರರಾಗಲಿ, ಮದರಾಸಿನಲ್ಲಿ ವುಡ್‌ಲ್ಯಾಂಡ್ಸ್ ಕಟ್ಟಿದ ಕಡಂದಲೆಯ ಕೆ. ಕೃಷ್ಣರಾಯರಾಗಲಿ, ಮಾಟುಂಗದಲ್ಲಿ 1942ರಲ್ಲಿ ಬೋರ್ಡಿಂಗ್ ತೆರೆದ ರಾಮ ನಾಯಕರಾಗಲಿ ಯಾವ ಊರಿನ ಯಾವ ಜಾತಿಯ ಗಿರಾಕಿ ಬರುತ್ತಾನೆಂದು ತಿಳಿಯದೆ ಅಡುಗೆ ಮಾಡಬೇಕಾಗಿತ್ತು. ಪಂಕ್ತಿಯ ಕಟ್ಟು ಕಳಚಿದ ಜಾಗ ಅದು. ತಿಂಡಿಯ ತಟ್ಟೆಯಲ್ಲಿ ಎಡತುದಿಯ ಉಪ್ಪಿಗೆ ಜಾಗವಿರಲಿಲ್ಲ. ಆದರೆ ಇಡ್ಲಿಯ ಪಕ್ಕ ಚಟ್ನಿ ಇತ್ತು, ಸಾಂಬಾರು ಇತ್ತು. ಇಡ್ಲಿ ತಾನಾಗಿ ಬಹಳ ಮೆತ್ತಗಿನ ರುಚಿಯದು. ಮುಳುಗಿಸಿ ತಿನ್ನುವವರು ಮುಳುಗಿಸುತ್ತಾರೆ, ಬರೇ ಚಟ್ನಿ ತಾಗಿಸಿಕೊಳ್ಳುವವರು ತಾಗಿಸಿಕೊಳ್ಳುತ್ತಾರೆ, ಮಗುವಿಗೆ ಸಪ್ಪೆಯಾಗಿಯೇ ಕೊಡಬಹುದು. ಮತ್ತೊಮ್ಮೆ ಚಟ್ನಿ ಬೇಕೆಂದರೆ ಬಕೆಟ್ ಹಿಡಿದವರು ಬರುತ್ತಾರೆ. ಉಣ್ಣುವವರ ಹಕ್ಕನ್ನು ಈ ಹೋಟೆಲಿನವರು ಎಲೆಯಿಂದ ಬಟ್ಟಲಿಗೆ ದಾಟಿಸಿದರು.

ಈ ಹಕ್ಕಿನ ಬಗ್ಗೆ ಇಂದು ಇಷ್ಟು ಒತ್ತಿ ಹೇಳಲು ಕಾರಣ ನಮ್ಮ ಆರೋಗ್ಯ. ದಿನಕ್ಕೆ 5 ಗ್ರಾಮಿಗಿಂತ ಕಡಿಮೆ ಉಪ್ಪು ಸಾಕು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. 2023ರಲ್ಲಿ ಪ್ರಕಟವಾದ ರಾಷ್ಟ್ರೀಯ ಸಮೀಕ್ಷೆಯ ಲೆಕ್ಕದಲ್ಲಿ ಭಾರತೀಯ ವಯಸ್ಕರು ಸರಾಸರಿ ತಿನ್ನುವುದು 8 ಗ್ರಾಂ. ಈ ಸಭೆಯಲ್ಲಿರುವ ಐವತ್ತು ದಾಟಿದವರಲ್ಲಿ ಬಿ.ಪಿ. ಮಾತ್ರೆ ನುಂಗದವರು ಎಷ್ಟು ಮಂದಿ ಎಂದು ನಾನು ಕೇಳುವುದಿಲ್ಲ. ಬ್ರಿಟನ್ನಿನ 5 ಲಕ್ಷಕ್ಕೂ ಹೆಚ್ಚು ಜನರನ್ನು ನೋಡಿದ ಒಂದು ಅಧ್ಯಯನ 2022ರಲ್ಲಿ ಬಂತು. ಬಡಿಸಿದ ಊಟಕ್ಕೆ ಯಾವಾಗಲೂ ಮೇಲಿನಿಂದ ಉಪ್ಪು ಹಾಕಿಕೊಳ್ಳುವವರಲ್ಲಿ ಅಕಾಲ ಮರಣದ ಅಪಾಯ ಶೇಕಡಾ 28ರಷ್ಟು ಹೆಚ್ಚು ಎಂದು ಅದು ಹೇಳಿತು. ಇದನ್ನು ಓದಿ ಕೆಲವರು ಎಲೆಯ ಮೇಲಿನ ಉಪ್ಪನ್ನೇ ನಿಲ್ಲಿಸೋಣ ಎನ್ನುತ್ತಿದ್ದಾರೆ. ಅರ್ಜೆಂಟೀನಾದ ಬ್ಯೂನಸ್ ಐರಿಸ್ ಪ್ರಾಂತ್ಯದಲ್ಲಿ 2011ರಲ್ಲೇ ಹೋಟೆಲು ಮೇಜುಗಳಿಂದ ಉಪ್ಪಿನ ಡಬ್ಬಿ ತೆಗೆಸಿದರು.

ನಾನು ಇದನ್ನು ಒಪ್ಪುವುದಿಲ್ಲ. ಬ್ರಿಟನ್ನಿನ ಅಧ್ಯಯನದಲ್ಲಿ ಮೇಲಿನಿಂದ ಉಪ್ಪು ಹಾಕಿಕೊಂಡ ಜನ ಎಲ್ಲದರಲ್ಲೂ ಉಪ್ಪು ಬಯಸುವವರು, ಮೇಜಿನ ಡಬ್ಬಿ ಅವರ ಬಯಕೆಯ ಗುರುತು. ಅಮೆರಿಕದಲ್ಲಿ 2017ರಲ್ಲಿ ಪ್ರಕಟವಾದ ಲೆಕ್ಕದಲ್ಲಿ ಜನ ತಿನ್ನುವ ಸೋಡಿಯಂನ ಶೇಕಡಾ 70ರಷ್ಟು ಬಂದದ್ದು ಕಾರ್ಖಾನೆಯ ಆಹಾರದಿಂದ ಮತ್ತು ಹೋಟೆಲಿನಿಂದ, ಮೇಜಿನ ಮೇಲೆ ಹಾಕಿಕೊಂಡದ್ದು ಶೇಕಡಾ 5 ಮಾತ್ರ. ನಮ್ಮಲ್ಲಿ ಹೆಚ್ಚಿನದು ಒಲೆಯ ಮೇಲಿನ ಪಾತ್ರೆಯಿಂದ, ಉಪ್ಪಿನಕಾಯಿ ಹಪ್ಪಳಗಳಿಂದ. ಇದಕ್ಕಿಂತ ಮುಖ್ಯವಾದದ್ದು 1987ರ ಒಂದು ಪ್ರಯೋಗ. ಅಡುಗೆಯಲ್ಲಿ ಉಪ್ಪನ್ನು ಅರ್ಧಕ್ಕಿಳಿಸಿ, ಉಣ್ಣುವವರ ಮುಂದೆ ಉಪ್ಪಿನ ಡಬ್ಬಿ ಇಟ್ಟರು. ಬೇಕಾದಷ್ಟು ಹಾಕಿಕೊಳ್ಳಿ ಎಂದರು. ಅವರು ಹಾಕಿಕೊಂಡದ್ದು ಕಡಿಮೆ ಮಾಡಿದ್ದರ ಐದನೆಯ ಒಂದು ಪಾಲಿಗಿಂತಲೂ ಕಡಿಮೆ. ಕಾರಣ ಸರಳ. ಪಾತ್ರೆಯೊಳಗೆ ಬಿದ್ದ ಉಪ್ಪು ಎಲ್ಲೆಡೆ ಹರಡಿ ನಾಲಗೆಗೆ ಮೆಲ್ಲಗೆ ತಿಳಿಯುತ್ತದೆ, ಮೇಲೆ ಬಿದ್ದ ಹರಳು ನೇರವಾಗಿ ತಾಗುತ್ತದೆ. ಎರಡು ಹರಳಿನಿಂದ ಸಿಗುವ ತೃಪ್ತಿಗೆ ಪಾತ್ರೆಯಲ್ಲಿ ಹಿಡಿಯಷ್ಟು ಬೇಕಾಗುತ್ತದೆ.

ಇಲ್ಲಿ ಕೂತಿರುವ ಅಡುಗೆ ಗುತ್ತಿಗೆದಾರರಲ್ಲಿ, ದೇವಸ್ಥಾನಗಳ ಮೊಕ್ತೇಸರರಲ್ಲಿ, ಮೆಸ್ಸು ನಡೆಸುವವರಲ್ಲಿ ನನ್ನ ಬೇಡಿಕೆ ಇದರಿಂದ ಬರುತ್ತದೆ. ಈಚೆಗೆ ಮದುವೆಗಳಲ್ಲಿ ಬಫೆ ಬಂದ ಮೇಲೆ ತಟ್ಟೆಯ ತುದಿಗೆ ಉಪ್ಪು ಬೀಳುವುದೇ ನಿಂತಿದೆ. ಯಾರೂ ದೂರಬಾರದೆಂದು ಅಡುಗೆಯವರು ಪಾತ್ರೆಯಲ್ಲೇ ಎಲ್ಲವನ್ನೂ ಗಟ್ಟಿಮಾಡಿ ಕಳಿಸುತ್ತಿದ್ದಾರೆ. ಅಜ್ಜನಿಗೂ ಅದೇ, ಮೂತ್ರಪಿಂಡದ ತೊಂದರೆ ಇರುವವರಿಗೂ ಅದೇ, ಎರಡು ವರ್ಷದ ಮಗುವಿಗೂ ಅದೇ. ಹೋಳಿಗೆ ಹಿಡಿಯುವಷ್ಟು ಉಪ್ಪನ್ನು ಪಾತ್ರೆಗೆ ಹಾಕಿ, ಉಳಿದದ್ದನ್ನು ಕೈಯಲ್ಲೇ ಉಳಿಸಿಕೊಳ್ಳಿ. ಸಾರಿಗೆ, ಮೇಲಾರಕ್ಕೆ, ಕೋಸಂಬರಿಗೆ ಈಗ ಹಾಕುವುದರಲ್ಲಿ ಕಾಲುಭಾಗ ಬಿಟ್ಟು ನೋಡಿ. ಮಜ್ಜಿಗೆಗೆ ಹಾಕಲೇಬೇಡಿ. ಪಂಕ್ತಿಯಲ್ಲಿ ಉಪ್ಪು ಬಡಿಸುವವರು ಒಮ್ಮೆ ಬಂದು ಹೋದರೆ ಸಾಲದು, ಸಾರಿನ ಹಿಂದೆ ಒಮ್ಮೆ, ಮಜ್ಜಿಗೆಯ ಹಿಂದೆ ಒಮ್ಮೆ ಬಂದು ಬೇಕಾದವರಿಗೆ ಚಮಚದಲ್ಲಿ ಎರಡು ಹರಳು ಬಡಿಸಲಿ. ಬಫೆಯಾದರೆ ಉಪ್ಪಿನ ಬಟ್ಟಲು ಸಾಲಿನ ಆರಂಭದಲ್ಲಿ ಬೇಡ. ಜನ ಕೂತು ಉಣ್ಣುವ ಪ್ರತಿ ಮೇಜಿನ ಮೇಲೆ, ಚಿಕ್ಕ ಚಮಚದ ಜೊತೆ, ಅಯೋಡಿನ್ ಇರುವ ಉಪ್ಪನ್ನೇ ಇಡಿ. ಮುಂದಿನ ಪರ್ಯಾಯಕ್ಕೆ ಹೊರೆಕಾಣಿಕೆ ಕೂಡಿಸುವವರು ಅಕ್ಕಿ ತರಕಾರಿಗಳ ಪಟ್ಟಿಯ ಜೊತೆ ಇದನ್ನೂ ಭೋಜನಶಾಲೆಯವರೊಂದಿಗೆ ಕೂತು ಮಾತಾಡಬೇಕು. ಮಣಿಪಾಲದ ವೈದ್ಯರು ಕರೆದರೆ ಬಂದಾರು ಎಂಬ ಭರವಸೆ ನನಗಿದೆ.